ಒಲೆ ಹಚ್ಚಬೇಡಿ

೩ ಆಗಸ್ಟ್ ೨೦೨೫, ಭಾನುವಾರ. ಬೆಳಿಗ್ಗೆ ಏಳು

ಕೇಳಿರಯ್ಯಾ, ಕೇಳಿ! ಮುಂದೆ ಚಾಪೆ ಹಾಸಿ ಕೂತ ತಾಯಂದಿರೇ, ಹಿಂದೆ ಕಾಂಪೌಂಡು ಹತ್ತಿದ ಅಣ್ಣತಮ್ಮಂದಿರೇ, ಬೀಡಿ ಆರಿಸಿ! ನಿದ್ದೆಹೋದ ಕೂಸನ್ನು ಆ ಹೆಗಲಿನಿಂದ ಈ ಹೆಗಲಿಗೆ ಹಾಕಿಕೊಳ್ಳಿ! ಬೇರಿಕೆ ಸೀಮೆಯ ತಿಮ್ಮರಾಯಪ್ಪ, ಮೂವತ್ತೊಂದು ವರ್ಷ ಸ್ಟೇಜಿನ ಮೇಲೆ ದೊರೆ ಪಾರ್ಟಿನ ಕಿರೀಟ ಹೊತ್ತವನು, ಈ ದಿನದ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದಾನೆ...

ಎದುರಿಗಿರುವುದು ಒಂದು ಸೀಮೆಹಸು, ಎರಡು ಕ್ರೇಟು ಕೋಸು. ಸಾಕು. ಹೀಗೆ ಕೂಗಿಕೊಳ್ಳದೆ ಪೆನ್ನು ಓಡುವುದಿಲ್ಲ. ಗೊಬ್ಬರದಂಗಡಿಯವರು ವರ್ಷಕ್ಕೊಂದು ಕೊಡುವ ಡೈರಿ. ಇದು ಹದಿನಾಲ್ಕನೆಯದು. ಓದುವವರು ಯಾರೂ ಇಲ್ಲ.

ಸೊಸೈಟಿಗೆ ಹಾಲು ಹಾಕಿ ಬಂದೆ. ಆರೂವರೆ ಲೀಟರು. ಕೋಸಿಗೆ ಔಷಧಿ ಹೊಡೆಯಬೇಕು. ಮೋಡ ಇದೆ, ನಾಳೆ.

ಶಶಿಕಲಾ ಹೊಸೂರಿನಿಂದ ಬರುತ್ತಿದ್ದಾಳೆ. ಕಿರಿ ಮಗಳು. ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನು. ಜೊತೆಗೆ ಕುಮಾರೇಶ, ಅದೇ ಫ್ಯಾಕ್ಟರಿ, ಮೆಯಿಂಟೆನೆನ್ಸು. ಅವಳೇ ಒಪ್ಪಿದ ಹುಡುಗ. ಅವರ ಮನೆ ಕೃಷ್ಣಗಿರಿ ಪಕ್ಕ, ಮಾವಿನ ತೋಪಿದೆ. ಮನೆಯೊಳಗೆ ಕನ್ನಡ, ಹೊರಗೆ ತಮಿಳು, ಜಗಳಕ್ಕೆ ತೆಲುಗು. ನಮ್ಮ ಹಾಗೆಯೇ. ಇವತ್ತು ಮದುವೆ ಎಲ್ಲಿ, ಹೇಗೆ ಎಂದು ಮಾತು ಮುಗಿಸಬೇಕು. ನನ್ನ ತಲೆಯಲ್ಲಿ ಆಗಲೇ ಛತ್ರ ಎದ್ದು ನಿಂತಿದೆ. ಎರಡು ದಿನ. ಎರಡು ಮೈಕು.

ಅದೇ ದಿನ, ಸಂಜೆ

ಬಂದರು, ಮುದ್ದೆ ಉಂಡರು, ಹೋದರು. ನಡುವೆ ನಡೆದದ್ದು ಇಷ್ಟು.

"ಅಪ್ಪಾ, ನಲವತ್ತು ಜನ" ಎಂದಳು ಶಶಿ.

"ಅಡುಗೆಯವರಾ?"

"ಮದ್ವೆಗೆ. ಒಟ್ಟು. ನಮ್ಮ ಕಡೆ ಇಪ್ಪತ್ತು, ಅವರ ಕಡೆ ಇಪ್ಪತ್ತು. ಅವರ ತೋಪಲ್ಲೇ, ಮರದ ಕೆಳಗೆ. ನಮ್ಮ ಫ್ಯಾಕ್ಟ್ರೀಲಿ ಈಗ ಎಷ್ಟೋ ಜನ ಹಿಂಗೇ ಮಾಡ್ಕೊಂತಾ ಅವ್ರೆ. ಹೋದ ತಿಂಗಳು ಆಲಸನತ್ತಂನಲ್ಲಿ ನನ್ನ ಫ್ರೆಂಡ್ ಮದ್ವೆ ಮನೆ ಟೆರೇಸ್ ಮ್ಯಾಲೆ ಆಯ್ತು. ಮೂವತ್ತೆರಡು ಜನ."

"ಹಾಲಿನ ಸೊಸೈಟಿ ಮೀಟಿಂಗಿಗೆ ಅದಕ್ಕಿಂತ ಜಾಸ್ತಿ ಬತ್ತಾರೆ ಕಣಮ್ಮ."

ಕುಮಾರೇಶ ನೆಲ ನೋಡಿದ. "ನಮ್ಮಪ್ಪನೂ ಮೊದಲು ಬೈದ್ರು ಮಾಮಾ. ಈಗ ಅವರೇ ತೋಪಲ್ಲಿ ಚೇರ್ ಎಲ್ಲೆಲ್ಲಿ ಹಾಕಾದು ಅಂತ ಸುಣ್ಣದ ಗೆರೆ ಎಳೀತಾ ಅವ್ರೆ."

ನಾನು ಎದ್ದು ನಿಂತೆ. ನಡುಮನೆಯಲ್ಲೇ. ಬಲಗೈ ಎತ್ತಿದೆ. ನಿನ್ನ ಅಕ್ಕ ರಾಧಾಮಣಿಯ ಮದುವೆಗೆ ಈ ಗಂಟಲು ಎರಡು ಸಾವಿರ ಜನರನ್ನು ಕರೆದಿತ್ತು, ಇಪ್ಪತ್ತು ಊರಿನ ದಾರಿಗಳು ಒಂದೇ ಛತ್ರಕ್ಕೆ ಹರಿದು ಬಂದಿದ್ದವು ಎಂದೆ.

ಶಶಿ ದನಿ ಏರಿಸಲಿಲ್ಲ. "ಅಕ್ಕ ಕಾರು ಹತ್ತೋವಾಗ ನೀನು ಎಲ್ಲಿದ್ದೆ, ಹೇಳು."

ಅವಳೇ ಹೇಳಿದಳು.

"ಮೈಕಲ್ಲಿದ್ದೆ. ಎರಡನೇ ಪಂಕ್ತಿಗೆ ಸಾಂಬಾರ್ ಬಕೀಟು ಕರೀತಿದ್ದೆ. ಅಕ್ಕ ಕಾರಲ್ಲಿ ಕೂತ್ಕಂಡು ನಿನ್ನ ದನಿ ಕೇಳ್ತಾ ಕೇಳ್ತಾ ಹೋದ್ಲು. ನನ್ನ ಮದ್ವೇಲಿ ನೀನು ಕುರ್ಚಿ ಮ್ಯಾಲೆ ಕೂತ್ಕಬೇಕಪ್ಪ. ಸುಮ್ನೆ. ನಾನು ಕೇಳೋದು ಅಷ್ಟೇ."

ನಿಜ. ಎರಡನೇ ಪಂಕ್ತಿ. ಸಾಂಬಾರು ತಡವಾಗಿತ್ತು. ಯಾರಾದರೂ ಕರೆಯಲೇಬೇಕಿತ್ತು.

ಎತ್ತಿದ ಕೈ ಎತ್ತಿದಂತೆಯೇ ಇತ್ತು. ಇಳಿಸಿದೆ. ಆಯಿತು ಎಂದೆ. ಸೆಪ್ಟೆಂಬರ್ ನಾಲ್ಕು, ಗುರುವಾರ. ನಲವತ್ತು ಕುರ್ಚಿ. ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ.

೪ ಆಗಸ್ಟ್, ಸೋಮವಾರ

ಮಹಾಜನಗಳೇ, ಇವತ್ತಿನ ಅಂಕ: ಕರೆಯುವವನ ಕಷ್ಟ.

ನಮ್ಮೂರಿನಲ್ಲಿ ಮದುವೆಗೆ ಕಾರ್ಡು ಕೊಟ್ಟರೆ ಸಾಲದು. ಬಾಯಿಂದ ಕರೆಯಬೇಕು. ಮೂರು ಬಗೆ. ಮೊದಲನೆಯದು, 'ಯಾರಾದರೂ ಒಬ್ಬರು ಬನ್ನಿ'. ಎರಡನೆಯದು, 'ಮನೆಮಂದಿ ಬನ್ನಿ'. ಮೂರನೆಯದು ದೊಡ್ಡ ಕರೆ: 'ಒಲೆ ಹಚ್ಚಬೇಡಿ'. ಅದು ಕಿವಿಗೆ ಬಿದ್ದ ಮನೆಯಲ್ಲಿ ಆ ದಿನ ಒಲೆ ಉರಿಯುವುದಿಲ್ಲ. ಕೂಸಿನಿಂದ ಮುದುಕರವರೆಗೆ ಎಲ್ಲರ ಹೊಟ್ಟೆ ಮದುವೆ ಮನೆಯ ಪಾಲು.

ನಲವತ್ತು ವರ್ಷದಿಂದ ಊರಿನಲ್ಲಿ ಯಾರ ಮದುವೆಯಾದರೂ ಕರೆಯುವವನು ನಾನೇ. ಗಂಟಲಿದೆ ಎಂದು. ಒಟ್ಟು ಎಂಬತ್ತಾರು ಮನೆ. ಎಂಬತ್ತೈದು ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತು ಕರೆಯುತ್ತೇನೆ. ಎಂಬತ್ತಾರನೆಯದು ಗೋವಿಂದತ್ತೆಯ ಮನೆ, ಸೊಸೈಟಿ ಪಕ್ಕ. ಗಂಡ ಹೋಗಿ ಮೂವತ್ತು ವರ್ಷ, ಒಬ್ಬಳೇ. ಅಲ್ಲಿ ಕುಂಕುಮ ಹಿಡಿದು ನಿಲ್ಲುವ ಪದ್ಧತಿ ಇಲ್ಲ. ರಸ್ತೆಯಿಂದಲೇ 'ಬಾರತ್ತೇ' ಎಂದು ಒಂದು ಕೂಗು. ಅವಳು ಹೇಗೂ ಬಂದಿರುತ್ತಾಳೆ. ಹಿಂದಿನ ಬಾಗಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿರುತ್ತಾಳೆ.

ಇಂಥವನು ಈಗ ಸ್ವಂತ ಮಗಳ ಮದುವೆಗೆ ಬಾಯಿ ಹೊಲಿದುಕೊಂಡು ತಿರುಗಬೇಕು. ಸರಿ. ಮಾತು ಕೊಟ್ಟಾಗಿದೆ. ಇದೂ ಒಂದು ಪಾರ್ಟು.

ಕೋಸಿಗೆ ಔಷಧಿ ಆಯಿತು.

೧೦ ಆಗಸ್ಟ್, ಭಾನುವಾರ

ಇಪ್ಪತ್ತು ಹೆಸರು ಬರೆದು ಮುಗಿಸಿದೆ. ಮೂರು ಸಲ ಹರಿದು ಹಾಕಿದ ಮೇಲೆ. ನಾನು, ಹೆಂಡತಿ ಲಕ್ಷ್ಮಿದೇವಮ್ಮ, ರಾಧಾಮಣಿಯ ಸಂಸಾರ, ಸೋದರಮಾವ, ಅಣ್ಣತಮ್ಮಂದಿರು, ಇಬ್ಬರು ಅತ್ತಿಗೆಯರು... ರಕ್ತದವರೇ ಹದಿನಾರು. ಹದಿನೇಳು, ಹಿಂದಿನ ಪಂಚಾಯ್ತಿ ಪ್ರೆಸಿಡೆಂಟು. ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಹದಿನೆಂಟು, ಹತ್ತೊಂಬತ್ತು, ಹಾರ್ಮೋನಿಯಂ ಮೇಷ್ಟ್ರು ಮತ್ತು ಅವರ ಕೈ ಹಿಡಿದು ಕರೆತರುವ ಸೊಸೆ. ಮೇಷ್ಟ್ರಿಗೆ ಎಂಬತ್ತೊಂದು.

ಇಪ್ಪತ್ತನೆಯದು ಕೆಂಪರಾಜು. ಸೊಸೈಟಿಯ ಸೆಕ್ರೆಟರಿ. ಸ್ಟೇಜಿನ ಮೇಲೆ ನನ್ನ ಎದುರಾಳಿ, ಗದೆಯ ಪಾರ್ಟು. ಮೂವತ್ತೊಂದು ವರ್ಷ ನನ್ನ ತೊಡೆ ಮುರಿದವನು. ಅವನು ಎದುರಿಗೆ ಕೂತಿದ್ದರೆ ನಾನು ಎಲ್ಲಿದ್ದರೂ ಅದು ಸ್ಟೇಜು. ಒಬ್ಬನಾದರೂ ನೋಡುವವನು ಬೇಕಲ್ಲ.

ಶಶಿಗೆ ಫೋನಿನಲ್ಲಿ, ಇಪ್ಪತ್ತಾಯ್ತಮ್ಮ ಎಂದೆ. ಹೆಸರು ಕೇಳಲಿಲ್ಲ. "ನಿನ್ನ ಮೇಲೆ ನಂಬಿಕೆ ಐತೆ" ಎಂದಳು.

೧೮ ಆಗಸ್ಟ್, ಸೋಮವಾರ. ಬೆಳಿಗ್ಗೆ ಎಂಟು

ಇವತ್ತು ಇಲ್ಲಿ ಕೂಗು ಇಲ್ಲ. ಆಗಲೇ ಕೂಗಿ ಬಂದಿದ್ದೇನೆ.

ಇದ್ದದ್ದು ಇದ್ದ ಹಾಗೆ. ಆರು ಗಂಟೆ, ಹಾಲು ಹಾಕುವ ಸಾಲು. ಅರ್ಧ ಊರು ನಿಂತಿತ್ತು. ಹಿಂದಿನಿಂದ ರಾಮಕೃಷ್ಣಪ್ಪ ತೆಗೆದ.

"ತಿಮ್ಮಣ್ಣ, ಊರೋರ ಮದ್ವೆಗೆಲ್ಲ ಗಂಟಲು ಹರ್ಕೊಂತೀಯಾ. ನಿನ್ನ ಮಗಳ ಮದ್ವೆ ಅಂತೆ, ಬಾಯೇ ಬಿಡ್ತಾ ಇಲ್ವಲ್ಲ? ಕದ್ದು ಮಾಡ್ತೀಯೇನೋ?"

ನಕ್ಕು ಸುಮ್ಮನಾದೆ. ಅಲ್ಲಿಗೆ ಮುಗಿಯಬೇಕಿತ್ತು.

ಕೆಂಪರಾಜು ಬಿಡಲಿಲ್ಲ. ಎಲ್ಲ ಗೊತ್ತಿದ್ದವನು, ಬರೀ ತಮಾಷೆಗೆ, ಹಾಲಳೆಯುವ ಉದ್ದ ಹಿಡಿಯ ಅಳತೆಯನ್ನು ಗದೆಯ ಹಾಗೆ ಹೆಗಲ ಮೇಲಿಟ್ಟ. ಶುರು ಮಾಡಿದ. "ಎಲವೋ ದೊರೆಯೇ! ನೀರೊಳಗೆ ಅಡಗಿ ಕೂತೆಯಾ? ಊರಿಗೆ ಊರೇ ದಡದ ಮೇಲೆ ನಿಂತು ನಗುತ್ತಿದೆ. ಗಂಡಸಾದರೆ ಎದ್ದು ಬಾ! ಬಾಯಿ ಬಿಡು!"

ಅದು ನಮ್ಮ ಕೊಳದ ಸೀನು. ಸೋತ ದೊರೆ ಕೊಳದಲ್ಲಿ ಮುಳುಗಿ ಕೂತಿರುತ್ತಾನೆ. ಎದುರಾಳಿ ದಡದಿಂದ ಹಂಗಿಸುತ್ತಾನೆ. ಕೊನೆಯ ಮಾತಿಗೆ ದೊರೆ ನೀರು ಸೀಳಿಕೊಂಡು ಎದ್ದು ಗರ್ಜಿಸಬೇಕು. ಆ ಮಾತಿಗೆ ಮೂವತ್ತೊಂದು ವರ್ಷ ಎದ್ದಿದ್ದೇನೆ. ಜ್ವರದಲ್ಲೂ ಎದ್ದಿದ್ದೇನೆ. ಇವತ್ತೂ ಎದ್ದೆ. ಕ್ಯಾನು ಉರುಳಿತು.

"ಯಾರೆಂದೆ ಅಡಗಿದವನು! ಸೆಪ್ಟೆಂಬರ್ ನಾಲ್ಕು! ಗುರುವಾರ! ಕೃಷ್ಣಗಿರಿಯ ಮಾವಿನ ತೋಪು! ಎಂಬತ್ತಾರು ಮನೆಯವರೂ ಕೇಳಿ... ಒಲೆ ಹಚ್ಚಬೇಡಿ!"

ಚಪ್ಪಾಳೆ. ಶಿಳ್ಳೆ. ಒಳ್ಳೆಯ ಚಪ್ಪಾಳೆ, ಸುಳ್ಳು ಹೇಳುವುದಿಲ್ಲ. ಎದೆ ತುಂಬಿತ್ತು. ಎರಡು ಗಳಿಗೆ ಇರಬಹುದು.

ಆಮೇಲೆ ಕೆಂಪರಾಜು ಅಳತೆ ಕೆಳಗಿಟ್ಟು ಮೆಲ್ಲಗೆ ಕೇಳಿದ. "ಲೋ ದೊರೆ, ಏನ್ಲಾ ಅಂದ್ಬುಟ್ಟೆ?"

"ಏನಂದೆ?"

"ಒಲೆ ಹಚ್ಚಬೇಡಿ ಅಂದ್ಬುಟ್ಟೆ ಕಣ್ಲಾ."

ರಾಮಕೃಷ್ಣಪ್ಪ ಆಗಲೇ ಕೇಳುತ್ತಿದ್ದ. "ಬಸ್ಸು ಎಷ್ಟೊತ್ತಿಗೆ ಬತ್ತೈತೆ ತಿಮ್ಮಣ್ಣ?"

ಹಾಲು ಮೂರು ಲೀಟರು ಚೆಲ್ಲಿತ್ತು.

ಅದೇ ದಿನ, ಮಧ್ಯಾಹ್ನ

ಲಕ್ಷ್ಮಿದೇವಮ್ಮನಿಗೆ ನಾನು ಹೇಳಬೇಕಾಗಲಿಲ್ಲ. ಮೂರು ಹೆಂಗಸರು ಬಂದು, ಯಾವ ಸೀರೆ ಉಡಬೇಕು ಎಂದು ಕೇಳಿ ಹೋಗಿದ್ದರು.

"ಅಲ್ಲಯ್ಯಾ, ಹದಿನೈದು ದಿನ ಬಾಯಿ ಮುಚ್ಚಿದ್ದೆ. ಇನ್ನು ಹದಿನೈದು ದಿನ ಆಗ್ಲಿಲ್ವಾ ನಿನ್ನ ಕೈಲಿ?"

"ಅವನು ಹಂಗಿಸಿದ."

"ಹಂಗಿಸೋನು ಅವನ ಪಾರ್ಟು ಮಾಡ್ದ. ನಿನಗೇನಾಗಿತ್ತು? ಅಲ್ಲೇನು ಪರದೆ ಕಟ್ಟಿದ್ರಾ?"

ಮುದ್ದೆ ಇಟ್ಟಳು. ಸಾರು ಇಡುವುದನ್ನು ಮರೆತಳು. ಮರೆತಳೋ ಇಲ್ಲವೋ. ಕೇಳಲಿಲ್ಲ, ಬರೀ ಮುದ್ದೆ ನುಂಗಿದೆ.

೨೨ ಆಗಸ್ಟ್, ಶುಕ್ರವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಶಶಿ ಫೋನು ಮಾಡಿದಳು. ಯಾರೋ ವಿಡಿಯೋ ತೆಗೆದು ವಾಟ್ಸಾಪ್ ಸ್ಟೇಟಸ್ ಹಾಕಿದ್ದಾರೆ. ಅವಳ ಲೈನಿನಲ್ಲಿ ಕೆಲಸ ಮಾಡುವ ಹುಡುಗಿಯರೆಲ್ಲ ನೋಡಿಯಾಗಿದೆ.

"ಚೆನ್ನಾಗಿ ಮಾಡಿದ್ಯಪ್ಪ" ಎಂದಳು. "ಕೈ ಎತ್ತಿದ್ದು ಚೆನ್ನಾಗಿತ್ತು."

ಬೈದಿದ್ದರೆ ವಾಸಿ.

"ಕುಮಾರೇಶ್ ಅವರಮ್ಮ ಸ್ವಂತ ತಂಗಿ ಮಗನನ್ನ ಬಿಟ್ಟವ್ರೆ, ಇಪ್ಪತ್ತು ದಾಟಬಾರದು ಅಂತ. ಆ ತಂಗಿ ಈಗ ಅವರ ಹತ್ರ ಮಾತೇ ಆಡ್ತಿಲ್ಲ. ನಮ್ಮ ಕಡೆಯಿಂದ ಒಂದೇ ಒಂದು ತಲೆ ಜಾಸ್ತಿ ಬಂದ್ರೂ ನಾನು ಅವರ ಮುಖ ಹೆಂಗೆ ನೋಡ್ಲಿ?"

"ವಾಪಸ್ ತಗೊಂತೀನಿ."

"ಏನನ್ನ?"

"ಕರೆ."

"ಕರೆ ವಾಪಸ್ ತಗೊಳ್ಳೋದು ಅಂತ ಐತಾ ನಮ್ಮೂರಲ್ಲಿ?"

"ಇಲ್ಲ."

"ಮತ್ತೆ?"

"ಮಾಡ್ತೀನಿ."

ಅವಳ ಹಿಂದೆ ಮೆಷೀನಿನ ಸದ್ದು. "ಕಿರುಚಬೇಡಪ್ಪ. ಹೇಳು, ಅಷ್ಟೆ" ಎಂದಳು.

ಮನೆಯೊಳಗೆ ಹೋಗಿ, ಏನು ಹಿಡಿದುಕೊಂಡು ಹೋಗಲಿ ಎಂದು ಹೆಂಡತಿಯನ್ನು ಕೇಳಿದೆ. ಕರೆಯುವುದಕ್ಕೆ ಕುಂಕುಮ. ಕರೆ ತಿರುಗಿಸಿಕೊಳ್ಳುವುದಕ್ಕೆ ಏನು?

"ಬೆಂಕಿಪೊಟ್ಟಣ ತಗೊಂಡೋಗು" ಎಂದಳು. "ಮನೆಗೊಂದು."

ಬರಿಗೈಯಲ್ಲಿ ಹೋಗುವುದೆಂದು ತೀರ್ಮಾನ.

೨೪ ಆಗಸ್ಟ್, ಭಾನುವಾರ. ಸಂಜೆ ಆರು

ಕೇಳಿರಯ್ಯಾ ಕೇಳಿ... ಬೇಡ. ಮೆಲ್ಲಗೆ ಕೇಳಿ.

ಇವತ್ತು ನಲವತ್ತೊಂದು ಮನೆ ಮುಗಿಯಿತು. ಮೊದಲ ಬಾಗಿಲು ರಾಮಕೃಷ್ಣಪ್ಪನದು. ಹೊಡೆದರೆ ಮೊದಲೇ ಹೊಡೆಯಲಿ ಎಂದು. ಹೊಸಿಲ ಹೊರಗೇ ನಿಂತೆ. ಕೈ ಮುಗಿದೆ. ನನ್ನ ಮೈ ಆ ಬಾಗಿಲಲ್ಲಿ ಹಾಗೆ ಎಂದೂ ನಿಂತಿಲ್ಲ. "ರಾಮಕೃಷ್ಣಪ್ಪ, ನಾಲ್ಕನೇ ತಾರೀಕು ನಿಮ್ಮ ಮನೆ ಒಲೆ ಹಚ್ಚಿಕೊಳ್ಳಿ. ಮಗಳಿಗೆ ಸಣ್ಣದಾಗಿ ಮಾಡಬೇಕು ಅಂತ ಆಸೆ. ನಾನು ಅಂದಿದ್ದು ತಪ್ಪಾಯ್ತು."

ಸಿಟ್ಟನ್ನು ಎದುರು ನೋಡಿದೆ. ಎದೆ ಸಿದ್ಧ ಮಾಡಿಕೊಂಡು ಹೋಗಿದ್ದೆ. ಇಡೀ ಊರು ಬೆನ್ನು ತಿರುಗಿಸುತ್ತದೆ, ನಾನು ನಡುಬೀದಿಯಲ್ಲಿ ತಲೆ ಎತ್ತಿ ಒಬ್ಬನೇ ನಡೆಯುತ್ತೇನೆ, ಹಿಂದೆ ಹಾರ್ಮೋನಿಯಂ...

ಅವನು "ಅಯ್ಯೋ, ಅಷ್ಟೇನಾ!" ಎಂದ. ಒಳಕ್ಕೆ ತಿರುಗಿ ಕೂಗಿದ. "ಲೇಯ್, ನಾಲ್ಕನೇ ತಾರೀಕು ಫ್ರೀ ಕಣೇ! ಮಾಲೂರಿಗೆ ಹೋಗ್ಬೋದು!" ಮತ್ತೆ ನನಗೆ, "ಆವತ್ತು ನಾಲ್ಕು ಮದ್ವೆ ಇದ್ವು ತಿಮ್ಮಣ್ಣ. ನಿನ್ನ ಮಾತು ತೆಗೆದಾಕೋದು ಹೆಂಗೆ ಅಂತ ಒದ್ದಾಡ್ತಿದ್ದೆ. ಒಳ್ಳೇದಾಯ್ತು ಬುಡು. ಕಾಫಿ ಕುಡೀ."

ಕುಡಿದೆ.

ಎರಡನೆಯ ಮನೆ: "ಶಿಫ್ಟ್ ಐತೆ ಅಣ್ಣ, ಲೀವ್ ಕೊಡಲ್ಲ ಅಂದ್ರು. ಹೆಂಗೆ ಹೇಳಾದು ಅಂತಿದ್ದೆ." ಐದನೆಯದು: "ಕೃಷ್ಣಗಿರಿ ಅಲ್ವಾ, ದೂರ. ಅಮ್ಮಂಗೆ ಬಸ್ಸಲ್ಲಿ ವಾಂತಿ." ಹನ್ನೊಂದನೆಯದು: "ನಮ್ಮ ಹುಡುಗೀನೂ ಹಿಂಗೇ ಕೇಳ್ತಾವ್ಳೆ. ನೀನು ಮಾಡಿದ್ರೆ ನಮಗೂ ದಾರಿ ಆಯ್ತು." ಇಪ್ಪತ್ತೆರಡನೆಯ ಮನೆಯ ಸೊಸೆ ಟಿವಿಯಿಂದ ಕಣ್ಣೇ ತೆಗೆಯಲಿಲ್ಲ. "ಸರಿ ಮಾವ" ಎಂದಳು.

ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ನಲವತ್ತೊಂದು ಮನೆಯಲ್ಲಿ ಒಬ್ಬರೂ.

ನಲವತ್ತು ವರ್ಷ ನಾನು ಬಾಗಿಲಲ್ಲಿ ನಿಂತು ಗರ್ಜಿಸುತ್ತಿದ್ದಾಗ ಒಳಗಿದ್ದವರು ಏನಂದುಕೊಳ್ಳುತ್ತಿದ್ದರು? ಹೊಸ ಪ್ರಶ್ನೆ. ಇವತ್ತಿಗೆ ಬೇಡ.

ಹನ್ನೆರಡು ಲೋಟ ಕಾಫಿ. ಹೊಟ್ಟೆ ಉರಿ.

೨೭ ಆಗಸ್ಟ್, ಬುಧವಾರ. ಗಣೇಶನ ಹಬ್ಬ

ಎಂಬತ್ತೈದು ಮುಗಿಯಿತು. ಕೆಂಪರಾಜುವಿನ ಮನೆಗೂ ಹೋಗಿ ಎಲ್ಲರಿಗೂ ಹೇಳಿದಂತೆಯೇ ಹೇಳಿದೆ. ಅವನು ಲಿಸ್ಟಿನಲ್ಲಿರುವುದು ಬೇರೆ ಮಾತು, ಅವನ ಮನೆಯ ಒಲೆ ಬೇರೆ ಮಾತು. ಕಡುಬು ಕೊಟ್ಟ. "ದೊರೆ, ಇಡೀ ನಾಟಕ ಹಿಂದುಮುಂದಾಗಿ ಆಡ್ತಾ ಇದ್ದೀಯ" ಎಂದ.

ಗೋವಿಂದತ್ತೆಯ ಮನೆಯೊಂದು ಉಳಿದಿದೆ. ರಸ್ತೆಯಿಂದ ಒಂದು ಕೂಗು ಹಾಕಿದರಾಯಿತು.

೩೧ ಆಗಸ್ಟ್, ಭಾನುವಾರ. ಬೆಳಿಗ್ಗೆ ಒಂಬತ್ತು

ಹಾಲು ಹಾಕಿ ಬರುವಾಗ ಅವಳ ಮನೆ ಮುಂದೆ ನಿಂತೆ. ರಸ್ತೆಯಲ್ಲೇ. "ಅತ್ತೇ, ನಾಲ್ಕನೇ ತಾರೀಕು ಒಲೆ ಹಚ್ಕೋ ಅತ್ತೇ!" ಎಂದೆ. ಅಷ್ಟಕ್ಕೆ ಮುಗಿಯಿತೆಂದು ಎರಡು ಹೆಜ್ಜೆ ಹಾಕಿದೆ.

"ತಿಮ್ಮಾ, ನಿಂತ್ಕೊಳ್ಳಾ" ಎಂದಳು.

ಜಗಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಎಪ್ಪತ್ತೆಂಟು ವಯಸ್ಸು. ಮೊಣಕಾಲು ಮಡಚುವುದಿಲ್ಲ. ಕಾಲು ನೀಡಿಕೊಂಡೇ ಮಾತಾಡಿದಳು.

"ನಾನು ಹಚ್ಚಲ್ಲ."

"ಎಲ್ಲರೂ ಒಪ್ಪಿದ್ರು ಅತ್ತೆ. ಊರಲ್ಲಿ ಯಾರನ್ನೂ ಕರೀತಿಲ್ಲ. ಹುಡುಗಿ ಆಸೆ. ನಲವತ್ತೇ ಜನ."

"ಮಾಡ್ಲಿ. ಚೆನ್ನಾಗಿ ಮಾಡ್ಲಿ. ನಾನೇನು ನಿನ್ನ ವ್ಯಾನು ಹತ್ತೋಕೆ ಬರಲ್ಲ, ಹೆದರ್ಕಬೇಡ. ಒಲೆ ಮಾತ್ರ ಹಚ್ಚಲ್ಲ. ಒಂದು ದಿನ ಉಪಾಸ ಇದ್ರೆ ಏನೂ ಸಾಯಲ್ಲ."

"ಯಾಕತ್ತೆ ಹಿಂಗೆ?"

ಅವಳು ಒಂದು ಕಾಯಿ ಸುಲಿದು ಮುಗಿಸಿದಳು. ಆಮೇಲೆ ಹೇಳಿದಳು. ಅದನ್ನು ಹಾಗೆಯೇ ಬರೆಯುತ್ತೇನೆ.

"ನಿಮ್ಮ ಮಾವ ಹೋದ್ಮೇಲೆ ಈ ಹೊಸಿಲಿಗೆ ಯಾವ ಮದ್ವೆ ಕರೇನೂ ಬಂದಿಲ್ಲ ತಿಮ್ಮಾ. ಎದುರುಮನೇಗೆ ಕುಂಕುಮ, ಪಕ್ಕದ ಮನೇಗೆ ಕುಂಕುಮ. ನನಗೆ ರಸ್ತೇಲಿ ಹೋಗೋ ನಾಯಿ ಕರ್ದಂಗೆ ಒಂದು ಕೂಗು. ಕೂಗಿದೋನು ನೀನೇ. ತಪ್ಪು ಅನ್ನಲ್ಲ, ಪದ್ಧತಿ. ಆವತ್ತು ಸೊಸೈಟಿ ಮುಂದೆ ನೀನು ಎಂಬತ್ತಾರು ಮನೆ ಅಂತ ಅಂದ್ಯಲ್ಲ, ನಾನಿಲ್ಲೇ ಕೂತಿದ್ದೆ. ಎಣಿಸ್ದೆ. ನನ್ನ ಮನೆ ಸೇರಿದ್ರೇನೇ ಎಂಬತ್ತಾರು. ಅವತ್ತು ಯಾರಿಗೂ ಕುಂಕುಮ ಇರಲಿಲ್ಲ. ಎಲ್ಲರಿಗೂ ಒಂದೇ ಕೂಗು, ಅದೇ ನನಗೂ. ಮೂವತ್ತು ವರ್ಷಕ್ಕೆ ಒಂದ್ಸಲ ಎಲ್ಲರ ಸಮ ಕರ್ದಿದ್ದೀಯ. ಅದನ್ನ ವಾಪಸ್ ಕೇಳೋಕೆ ಬಂದಿದ್ದೀಯಾ?"

ದೊರೆ ಪಾರ್ಟಿಗೆ ಒಂದು ಸಾವಿರ ಮಾತು ಬಾಯಿಪಾಠ ಇದೆ.

"ಹೋಗು, ಹಸು ಒದರ್ತೈತೆ" ಎಂದಳು.

ಹಸು ಒದರುತ್ತಿರಲಿಲ್ಲ. ಬಂದೆ.

೧ ಸೆಪ್ಟೆಂಬರ್, ಸೋಮವಾರ

ಕೋಸು ಕೊಯ್ದೆವು. ಲೋಡು ಹೋಯಿತು.

ಕೆಲಸದ ನಡುವೆ ಒಂದು ನೆನಪು. ಕೇಳಿ, ಯಾರಾದರೂ ಇದ್ದರೆ. ಶಶಿ ಹುಟ್ಟಿದಾಗ ನಾನು ಮಾಲೂರಿನ ಕಡೆ ನಾಟಕದಲ್ಲಿದ್ದೆ. ಮೂರು ದಿನದ ಕ್ಯಾಂಪು. ಮೂರನೆಯ ದಿನ ಮನೆಗೆ ಬಂದೆ, ಕಿವಿಯ ಹಿಂದೆ ಇನ್ನೂ ಬಣ್ಣ. ನಡುಮನೆಯಲ್ಲಿ ಹೆಂಡತಿ, ಮಗ್ಗುಲಲ್ಲಿ ಕೂಸು. ಅಡುಗೆಮನೆಯಲ್ಲಿ ಗೋವಿಂದತ್ತೆ, ನಮ್ಮ ಒಲೆ ಊದುತ್ತಿದ್ದಳು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಕೂಸನ್ನು ಮೊದಲು ಎತ್ತಿಕೊಂಡವಳು ಅವಳೇ. ಹನ್ನೊಂದು ದಿನ ನಮ್ಮ ಒಲೆ ಅವಳ ಕೈಯಲ್ಲಿತ್ತು.

ನಾಮಕರಣದ ದಿನ ಕರೆದೆನೇ? ಯೋಚಿಸಿದೆ. ಇಲ್ಲ. ಕರೆಯುವುದೇನು, ಒಳಗೇ ಇದ್ದಳಲ್ಲ.

ಇಪ್ಪತ್ತು ಹೆಸರಿನ ಲಿಸ್ಟಿನಲ್ಲೂ ಅವಳ ಹೆಸರು ಬರೆದು ಹೊಡೆದು ಹಾಕಿದ್ದಲ್ಲ. ನೆನಪಿಗೇ ಬಂದಿರಲಿಲ್ಲ.

೨ ಸೆಪ್ಟೆಂಬರ್, ಮಂಗಳವಾರ

ಶಶಿ ಬಂದಿದ್ದಾಳೆ, ರಜೆ ಹಾಕಿ. ಎಲ್ಲರ ಬಟ್ಟೆ ತಂದಿದ್ದಾಳೆ. ಅದರಲ್ಲೊಂದು ತಿಳಿಹಸಿರು ಸೀರೆ, ಸಣ್ಣ ಅಂಚು.

"ಇದು ಗೋವಿಂದಜ್ಜಿಗೆ. ಅಪ್ಪಾ, ಅಜ್ಜೀನ ವ್ಯಾನಲ್ಲಿ ಮುಂದಿನ ಸೀಟಲ್ಲಿ ಕೂರ್ಸು, ಕಾಲು ನೀಡೋಕೆ ಜಾಗ ಬೇಕು. ಅಲ್ಲಿ ಅಜ್ಜಿ ಚೇರು ನನ್ನ ಹತ್ರಾನೇ ಹಾಕ್ಸಿದ್ದೀನಿ."

ಲಕ್ಷ್ಮಿದೇವಮ್ಮ ನನ್ನನ್ನು ನೋಡಿದಳು. ನಾನು ಸೀರೆಯನ್ನು ನೋಡಿದೆ.

"ಯಾಕಪ್ಪ?"

"ಅಂಚು ಚೆನ್ನಾಗೈತೆ" ಎಂದೆ.

ಅವಳು ಲಿಸ್ಟು ನೋಡಿರಲಿಲ್ಲ. ಮೊದಲ ಹೆಸರು ಅದೇ ಇರುತ್ತದೆ ಎಂದುಕೊಂಡಿದ್ದಳು. ಇಪ್ಪತ್ತೊಂದು ಆಗುವ ಹಾಗಿಲ್ಲ. ಅತ್ತ ಒಬ್ಬ ತಾಯಿ ತಂಗಿಯನ್ನೇ ದೂರ ಮಾಡಿಕೊಂಡಿದ್ದಾಳೆ. ಇಪ್ಪತ್ತರಲ್ಲಿ ಒಬ್ಬರು ಇಳಿಯಬೇಕು. ಯಾರೆಂದು ಬರೆಯುವ ಅಗತ್ಯವಿಲ್ಲ. ನೋಡುವವನು ಒಬ್ಬ ಇರಲಿ ಎಂದು ಸೇರಿಸಿದ ಹೆಸರು ಒಂದೇ.

೩ ಸೆಪ್ಟೆಂಬರ್, ಬುಧವಾರ. ಬೆಳಿಗ್ಗೆ

ಸೊಸೈಟಿ ಬಾಗಿಲು ಹಾಕುವವರೆಗೆ ಕಾದೆ. ಕೆಂಪರಾಜು ಕ್ಯಾನು ತೊಳೆಯುತ್ತಿದ್ದ. ಹೇಳಿದೆ. ಎಲ್ಲವನ್ನೂ, ಗೋವಿಂದತ್ತೆ ಅಂದದ್ದನ್ನೂ.

ತುಂಬ ಹೊತ್ತು ಕ್ಯಾನಿನ ತಳ ಉಜ್ಜಿದ.

"ಪ್ಯಾಂಟು ಹೊಲಿಸಿದ್ದೆ ಕಣ್ಲಾ" ಎಂದ.

"ಗೊತ್ತು."

"ನಾನು ಹಂಗಿಸಿದ್ದಕ್ಕೆ ನೀನು ಎದ್ದಿದ್ದು. ನಾನೇ ಇಳೀಬೇಕು, ನ್ಯಾಯ. ಆ ಯಮ್ಮ ಉಪಾಸ ಕೂತ್ರೆ ನನ್ನ ಗಂಟಲಲ್ಲಿ ಇಳಿಯಾಕಿಲ್ಲ." ನೀರು ಚೆಲ್ಲಿದ. "ಆದ್ರೆ ಒಂದು ಕೊರಗು ದೊರೆ. ನೀನು ಮದ್ವೆ ಮನೇಲಿ ಬಾಯಿ ಮುಚ್ಕಂಡು ಕುರ್ಚಿ ಮ್ಯಾಲೆ ಕೂತಿರೋದನ್ನ ನೋಡೋ ಯೋಗ ತಪ್ಪೋಯ್ತಲ್ಲ. ಶಶಿಗೆ ಹೇಳಿ ಒಂದು ಫೋಟೋ ಕಳ್ಸು. ಇಲ್ಲಾಂದ್ರೆ ಈ ಊರಲ್ಲಿ ಒಬ್ಬರೂ ನಂಬಲ್ಲ."

ನಕ್ಕೆವು. ಅವನ ಕೈ ಒದ್ದೆಯಿತ್ತು. ಹಾಗೆಯೇ ಹಿಡಿದುಕೊಂಡೆ.

೩ ಸೆಪ್ಟೆಂಬರ್. ಸಂಜೆ ಐದು

ಚಪ್ಪರ ಇಲ್ಲ, ಓಲಗ ಇಲ್ಲ. ಮನೆಯಲ್ಲಿ ಚಪ್ಪಲಿ ಹನ್ನೆರಡು ಜೊತೆ. ಶಶಿ ಕೈಗೆ ಮದರಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಾಳೆ. ಅವಳ ಮುಖ ಕಾಣುತ್ತಿದೆ, ಅಡ್ಡ ಯಾರೂ ಇಲ್ಲ. ರಾಧಾಮಣಿಯ ಮದುವೆಯ ಹಿಂದಿನ ದಿನ ಅವಳ ಮುಖ ಹೇಗಿತ್ತೆಂದು ನೆನಪು ಮಾಡಿಕೊಳ್ಳಲು ನೋಡಿದೆ. ಮೈಕು ಟೆಸ್ಟಿಂಗು ನೆನಪಿದೆ.

ಲಕ್ಷ್ಮಿದೇವಮ್ಮ ಗೋವಿಂದತ್ತೆಯ ಮನೆ ಕಡೆ ಹೋಗಿ ಬಂದಳು. ಅಲ್ಲಿ ಒಲೆಯ ಬೂದಿ ತೆಗೆದು, ಕೆಮ್ಮಣ್ಣು ಸಾರಿಸಿ, ಪಾತ್ರೆ ಬೋರಲು ಹಾಕಿಯಾಗಿದೆಯಂತೆ. ನಾಳೆಗೆ. ಕರೆ ಬಂದ ಮನೆಯಲ್ಲಿ ಹೇಗೆ ಮಾಡುತ್ತಾರೋ ಹಾಗೆ.

"ನೀನು ಹೇಳಿದ್ಯಾ ಬರಬೇಕು ಅಂತ?" ಕೇಳಿದೆ.

"ನಾನ್ಯಾಕೆ ಹೇಳ್ಲಿ? ಕರೆಯೋನು ನೀನು."

ಕುಂಕುಮದ ಬಟ್ಟಲು ಕೇಳಿದೆ. ಯಾವ ಮನೆಗೆಂದು ಅವಳಿಗೆ ಗೊತ್ತು. ಪದ್ಧತಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಗಳಿಗೆ ನಿಂತಳು. ಆಮೇಲೆ ಹುಣಸೆಹಣ್ಣು ಹಾಕಿ ಬಟ್ಟಲು ಉಜ್ಜಿ, ಒರೆಸಿ, ತುಂಬ ಕುಂಕುಮ ಹಾಕಿ, ಡೈರಿಯ ಪಕ್ಕದಲ್ಲೇ ಇಟ್ಟು ಹೋದಳು.

ಕೊಟ್ಟಿಗೆಯಲ್ಲಿ ಒಂದು ರಿಹರ್ಸಲ್ ಮಾಡಿದೆ. ಹಸು ಎದ್ದು ನಿಂತಿತು. ಜೋರಾಯಿತು. ಇನ್ನೊಮ್ಮೆ. ಅದೂ ಜೋರೇ. ಈ ಗಂಟಲಿಗೆ ಒಬ್ಬರಿಗೆ ಹೇಳಿ ಅಭ್ಯಾಸವಿಲ್ಲ. ಏಳನೆಯ ಸಲಕ್ಕೆ ಹಸು ಮೆಲುಕು ನಿಲ್ಲಿಸಲಿಲ್ಲ. ಅಷ್ಟು ಸಾಕು.

ಹಾಗಾದರೆ ಕೇಳಿ, ಎದುರಿಗೆ ಇಲ್ಲದ ಮಹಾಜನಗಳೇ. ವ್ಯಾನು ಆರಕ್ಕೆ. ನಾಳೆ ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಒಂದು ಕೈಯಲ್ಲಿ ಹಸಿರು ಸೀರೆ, ಒಂದು ಕೈಯಲ್ಲಿ ಈ ಬಟ್ಟಲು ಹಿಡಿದು ಹೋಗುತ್ತೇನೆ. ರಸ್ತೆಯಲ್ಲಿ ನಿಲ್ಲುವುದಿಲ್ಲ. ಜಗಲಿ ಹತ್ತುತ್ತೇನೆ. ಹೊಸಿಲ ಮುಂದೆ, ಬಾಗಿಲ ನಟ್ಟನಡುವೆ ನಿಲ್ಲುತ್ತೇನೆ. ಬಟ್ಟಲು ಚಾಚುತ್ತೇನೆ. ಇಟ್ಟುಕೊಳ್ಳುವುದು, ಬಿಡುವುದು ಅವಳದು. ಬರುವುದು, ಬಾರದಿರುವುದೂ ಅವಳದು. ನನ್ನದು ಕರೆಯುವುದಷ್ಟೆ. ಕೂಗುವುದಿಲ್ಲ. ಕೈ ಎತ್ತುವುದಿಲ್ಲ. ಅವಳಿಗೊಬ್ಬಳಿಗೇ ಕೇಳುವ ಹಾಗೆ, ಅತ್ತೆ, ನಿನ್ನ ಮೊಮ್ಮಗಳ ಮದುವೆ, ಇವತ್ತು ಒಲೆ ಹಚ್ಚಬೇಡ ಎನ್ನುತ್ತೇನೆ.